ಬಾವಡಿಯ ತಳದ ಬಂಡೆ

ಕಸ್ತೂರಿಬಾಯಿ ಮೊದಲ ಸಲ ನನ್ನನ್ನು ಹುಡುಕಿಕೊಂಡು ಬಂದದ್ದು ನಾನು ಮಾಡುತ್ತಿದ್ದ ಕೆಲಸ ನಿಲ್ಲಿಸುವುದಕ್ಕೆ.

೧೯೭೦ರ ಜನವರಿ. ಘಾಟಬೋರಾಳದ ಹೊರಗಿನ ಹಳ್ಳಕ್ಕೆ ಅಡ್ಡಲಾಗಿ ಒಂದು ಸಣ್ಣ ಕೆರೆ ಕಟ್ಟುವುದು ಮಂಜೂರಾಗಿತ್ತು. ನಾನು ನಿರ್ಣಾದ ವೈಜನಾಥ, ಆ ಕೆಲಸದ ಓವರ್ಸಿಯರ್. ಏರಿ ಎಲ್ಲಿ ಏಳಬೇಕೋ ಅಲ್ಲಿ ಸುಣ್ಣದ ಗೆರೆ ಹಾಕಿಸಿ ಗೂಟ ಹೊಡೆಸುತ್ತಿದ್ದೆ. ಹೊಲಗಳ ನಡುವಿನ ಕಾಲುದಾರಿಯಲ್ಲಿ ನಲವತ್ತರ ಸುಮಾರಿನ ಒಬ್ಬ ಹೆಂಗಸು ಒಬ್ಬರೇ ನಡೆದು ಬಂದರು. ಬಸ್ಸಿಳಿದು ಎರಡು ಮೈಲಿ ನಡೆದಿದ್ದರೂ ಕೂರಲಿಲ್ಲ, ನೀರು ಕೇಳಲಿಲ್ಲ.

"ನಾ ಕಸ್ತೂರಿಬಾಯಿ ಅಂತ. ಹುಮನಾಬಾದಿನ ಹೆಣ್ಮಕ್ಕಳ ಸಾಲ್ಯಾಗ ವಿಜ್ಞಾನ ಕಲಸ್ತೀನಿ," ಎಂದರು. "ಈ ಏರಿ ಇಲ್ಲಿ ಕಟ್ಟಬ್ಯಾಡ್ರಿ. ನಿಮ್ಮ ಗೂಟದ ಕೆಳಗ ಭೂಮಿ ಒಮ್ಮೆ ಮುರದದ ಅಂತ ನನಗ ಅನಸ್ತದ."

ನನಗೆ ನಗು ಬಂತು. ಆದರೆ ಅವರ ಮುಖ ನೋಡಿ ನಗಲಿಲ್ಲ. "ನಿಮಗ ಹ್ಯಾಂಗ ಗೊತ್ತಾತ್ರಿ ಬಾಯಾರ?"

"ಗೊತ್ತಿಲ್ಲ. ಅನಸ್ತದ ಅಂದೆ. ಬರ್ರಿ, ತೋರಸ್ತೀನಿ."

ಹಳ್ಳದಿಂದ ಐನೂರು ಹೆಜ್ಜೆ ಪಡುವಣಕ್ಕೆ ಮಹಾರುದ್ರಪ್ಪ ಪಾಟೀಲರ ಹೊಲದಲ್ಲಿ ಒಂದು ಹಳೆಯ ಬಾವಡಿ ಇತ್ತು. ಚೌಕಾಕಾರದ ಮೆಟ್ಟಿಲುಬಾವಿ, ಸುತ್ತ ಕೆತ್ತಿದ ಕರಿಕಲ್ಲಿನ ಗೋಡೆ. ಎಷ್ಟೋ ಸಲ ಅಲ್ಲಿ ಕೂತು ಬುತ್ತಿ ಉಂಡಿದ್ದ ನಾನು ಒಮ್ಮೆಯೂ ಗೋಡೆಯನ್ನು ನೋಡಿರಲಿಲ್ಲ. ಕಸ್ತೂರಿಬಾಯಿ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಪಡುವಣ ಗೋಡೆಯ ಕಡೆ ಕೈ ಮಾಡಿದರು. ಕಲ್ಲಿನ ವರಸೆಗಳು ಒಂದರ ಮೇಲೊಂದು ನೇರವಾಗಿ ಬಂದು, ನಡುವೆ ಒಂದು ಕಡೆ, ಮೇಲಿನ ಕೆಲವನ್ನು ಬಿಟ್ಟು, ಒಟ್ಟಿಗೇ ನಾಲ್ಕು ಬೆರಳಿನಷ್ಟು ಕೆಳಗಿಳಿದು ಮತ್ತೆ ನೇರವಾಗಿ ಹೋಗಿದ್ದವು. ಆಮೇಲೆ ಮೂಡಣ ಗೋಡೆ ತೋರಿಸಿದರು. ಅಲ್ಲೂ ಅದೇ ನಾಲ್ಕು ಬೆರಳು.

"ಈ ಎರಡೂ ಜಾಗಾ ಕೂಡಿಸಿ ಒಂದು ಗೆರಿ ಎಳೀರಿ. ಆ ಗೆರಿ ಮುಂದ ಹೋದ್ರ ಎಲ್ಲಿ ಮುಟ್ಟತದ?"

ನಾನು ತಿರುಗಿ ನೋಡಿದೆ. ಗೆರೆ ಓರೆಯಾಗಿ ಹೋಗಿ ನನ್ನ ಏರಿಯ ನಡುಮಧ್ಯ, ತೂಬು ಕೂರಿಸಬೇಕೆಂದು ಗುರುತು ಮಾಡಿದ್ದ ಜಾಗಕ್ಕೇ ಮುಟ್ಟುತ್ತಿತ್ತು.

"ಬಾಯಾರ, ಇದು ಕರಿ ಎರಿ ಭೂಮಿ. ಮಳಿಗಾಲಕ್ಕ ಉಬ್ಬತದ, ಬ್ಯಾಸಗಿಗೆ ಬಿರೀತದ. ನಿರ್ಣಾದಾಗ ನಮ್ಮ ಮನಿ ಗ್ವಾಡಿ ವರ್ಷಾ ಸೀಳತದ. ಅದಕ್ಕೆಲ್ಲ ಭೂಕಂಪ ಅನ್ನಾಕ ಆಗ್ತದೇನು?"

ಅವರು ಕೋಪ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. "ಅದೇ ನನ್ನ ಅನುಮಾನಾನೂ," ಎಂದರು. "ಎರಿ ಮಣ್ಣೋ, ಭೂಮಿನೇ ಸರದದ್ದೋ, ಹ್ಯಾಂಗ ತಿಳಕೋಬೇಕು? ನೀವು ಕಟ್ಟಡದ ಕೆಲಸ ಬಲ್ಲವರು. ನೀವೇ ಹೇಳ್ರಿ."

ನಾನು ಗೂಟಗಳ ಕಡೆ ತಿರುಗಿ ಹೊರಟೆ. ದಾರಿಯಲ್ಲಿ ಅವರು ತಮ್ಮ ಕತೆ ಹೇಳಿದರು. ಎರಡು ವರ್ಷದ ಹಿಂದೆ ಮಹಾರಾಷ್ಟ್ರದ ಕೊಯ್ನಾದಲ್ಲಿ ಭೂಮಿ ನಡುಗಿದ ಬೆಳಗಿನ ಜಾವ, ಹುಮನಾಬಾದಿನ ಪಕ್ಕದ ಮಾಣಿಕನಗರದ ಅವರ ಮನೆಯಲ್ಲಿ ಗೂಡಿನ ಮೇಲಿನ ತಾಟುಗಳು ಗಲಗಲ ಅಂದಿದ್ದವಂತೆ. ಕೊಯ್ನಾ ಎಲ್ಲಿ, ಹುಮನಾಬಾದ್ ಎಲ್ಲಿ! ನಮ್ಮ ಕಡೆಯ ಭೂಮಿ ಕದಲುವುದೇ ಇಲ್ಲ ಎಂದು ಅಲ್ಲಿಯತನಕ ಅವರು ಮಕ್ಕಳಿಗೆ ಪಾಠ ಮಾಡಿದ್ದರು. ಆವತ್ತಿನಿಂದ ಹಳೆಯ ಗೋಡೆ ಕಂಡಲ್ಲಿ ನಿಂತು ನೋಡುವುದು ಅವರಿಗೆ ಚಟವಾಗಿತ್ತು. ಹಿಂದೆ ಆದದ್ದನ್ನು ಬರೆದಿಟ್ಟವರಿಲ್ಲ, ಆದರೆ ನೇರವಾಗಿ ಕಟ್ಟಿದ್ದು ಈಗ ನೇರವಾಗಿಲ್ಲದಿದ್ದರೆ ಅದಕ್ಕೊಂದು ಕಾರಣ ಇರಲೇಬೇಕು ಎನ್ನುವುದು ಅವರ ಲೆಕ್ಕ.

ನಾನು ಹುಮನಾಬಾದಿನ ನಮ್ಮ ಕಚೇರಿಯಲ್ಲಿ ಈ ಮಾತು ಹೇಳಿದೆ. ನಮ್ಮ ಸಾಹೇಬರು ಟೇಬಲ್ ಬಡಿದು ನಕ್ಕರು. "ಸಾಲಿ ಮಾಸ್ತರಬಾಯಿ ಹೇಳಿದ್ರ ನಕ್ಷಾ ಬದಲ ಮಾಡಬೇಕೇನ್ರಿ? ಗೂಟ ಹೊಡೀರಿ." ಹೊಡೆಸಿದೆ.

ಆದರೆ ಕಸ್ತೂರಿಬಾಯಿ ಬಿಡುವವರಲ್ಲ. ಹೈದರಾಬಾದಿನಲ್ಲಿ ಭೂವಿಜ್ಞಾನ ಕಲಿಸುವ ಪ್ರೊಫೆಸರರೊಬ್ಬರಿಗೆ ಚಿತ್ರ ಬರೆದು ಕಾಗದ ಹಾಕಿದರು. ಉತ್ತರ ಬಂತು, ಅರ್ಧ ಪುಟ. ಗೋಡೆ ಜರುಗಲು ನೂರು ಕಾರಣ ಇರುತ್ತವೆ. ಗೋಡೆಯ ಕೆಳಗಿನ ಹಾಸುಬಂಡೆಯೂ ಅಷ್ಟೇ ಜರುಗಿದ್ದರೆ ಮಾತ್ರ ಬರೆಯಿರಿ, ಆಗ ನೋಡೋಣ. ನಾನಾಗಿದ್ದರೆ ಅದನ್ನು ಮಡಚಿ ಇಟ್ಟುಬಿಡುತ್ತಿದ್ದೆ. ಅವರು ಅದನ್ನು ಹಿಡಿದುಕೊಂಡು ನನ್ನ ಕಚೇರಿಗೇ ಬಂದರು, ಮುಖವೆಲ್ಲ ಬೆಳಕಾಗಿತ್ತು.

"ಏನು ನೋಡಬೇಕು ಅಂತ ಹೇಳ್ಯಾರ, ನೋಡ್ರಿ! ಬಾವಡಿ ತಳದಾಗ ಹಾಸುಬಂಡಿ ಅದ. ನೀರು ತಗದ್ರ ಕಾಣತದ."

ನಿಜ ಹೇಳುತ್ತೇನೆ, ನಾನು ಅವರ ಜೊತೆ ಹೋದದ್ದು ಅವರ ಮಾತು ಸುಳ್ಳೆಂದು ತೋರಿಸಿಬಿಟ್ಟರೆ ನೆಮ್ಮದಿಯಾಗಿ ಕೆಲಸ ಮಾಡಬಹುದು ಎಂಬ ಆಸೆಯಿಂದ. ಬಸವಕಲ್ಯಾಣದ ಇಸ್ಮಾಯಿಲ ಮೇಸ್ತ್ರಿಯನ್ನು ಕರೆಸೋಣ ಎಂದವನೂ ನಾನೇ. ಕೋಟೆಯ ಗೋಡೆ, ಹಳೆಯ ಗುಂಬಜ್, ಮುರಿದ ಮಂಟಪಗಳನ್ನು ದುರಸ್ತಿ ಮಾಡುತ್ತಲೇ ತಲೆ ಬೆಳ್ಳಗಾಗಿಸಿಕೊಂಡ ಕಲ್ಲುಕೆಲಸದವನು. ಅವನು ಒಂದು ಮಾತು ಹೇಳಿದರೆ ಬಾಯಿಯವರ ಸಂಶಯ ತೀರುತ್ತದೆ ಎಂದುಕೊಂಡಿದ್ದೆ.

ಇಸ್ಮಾಯಿಲ ಬಾವಡಿಗೆ ಇಳಿದ. ಒಂದು ತಾಸು ಬೆರಳಿನಿಂದ ಸಂದು ಸಂದು ಸವರಿದ. ಕೊನೆಗೆ ನನ್ನನ್ನು ಹತ್ತಿರ ಕರೆದ.

"ಸಾಹೇಬ್ರ, ಮಣ್ಣು ಕುಂತ್ರ ಗ್ವಾಡಿ ವಾಲತದ, ಸಂದು ಮ್ಯಾಲ ಅಗಲ ಆಗಿ ಕೆಳಗ ಸಣ್ಣ ಆಗ್ತದ. ಇಲ್ಲಿ ಸಂದು ಮ್ಯಾಲಿಂದ ಕೆಳಗಿನ ತನಕ ಒಂದೇ ಅಳತಿ. ಮತ್ತ ಈ ಕಲ್ಲ ನೋಡ್ರಿ." ಒಂದು ಮೊಳ ದಪ್ಪದ ಕಲ್ಲು ಕಬ್ಬಿನ ಜಲ್ಲೆ ಮುರಿದ ಹಾಗೆ ಎರಡಾಗಿತ್ತು. "ಎರಿ ಮಣ್ಣು ಕಲ್ಲ ಸರಸ್ತದ, ಖರೇ. ಹಿಂಗ ಮುರಿಯೂದಿಲ್ಲ. ನಾ ನಲವತ್ತು ವರ್ಷದಾಗ ನೋಡಿಲ್ಲ."

ಮೇಲಿನ ನಾಲ್ಕು ವರಸೆಗಳು ಮಾತ್ರ ನೆಟ್ಟಗಿದ್ದವು. ಅಲ್ಲಿ ಕಲ್ಲು ಸಣ್ಣದು, ಗಾರೆ ಬೇರೆ. "ಇದು ಆಮ್ಯಾಲಿನ ದುರಸ್ತಿ. ಮುರಿದ ಮ್ಯಾಲ ಕಟ್ಯಾರ, ಕಟ್ಟಿದ ಮ್ಯಾಲ ಮುರದಿಲ್ಲ," ಎಂದ ಇಸ್ಮಾಯಿಲ. ದುರಸ್ತಿಯ ಗೋಡೆಯಲ್ಲಿ ಒಂದು ಫಾರಸಿ ಫಲಕ ಇತ್ತು. ಅದರ ಅಚ್ಚು ತೆಗೆದು ಬಸವಕಲ್ಯಾಣಕ್ಕೆ ಒಯ್ದೆವು. ನಿವೃತ್ತ ಉರ್ದು ಮಾಸ್ತರ್ ಖಾಜಾ ಸಾಹೇಬರು ಕನ್ನಡಕ ಒರೆಸಿ ಒರೆಸಿ ಓದಿದರು: ಹಾಳಾಗಿದ್ದ ಈ ಬಾವಿಯನ್ನು ಹಿಜರಿ ೮೯೪ರಲ್ಲಿ ಸರಿ ಮಾಡಿಸಲಾಯಿತು. ಏಕೆ ಹಾಳಾಗಿತ್ತು ಎನ್ನುವುದು ಅದರಲ್ಲಿ ಇರಲಿಲ್ಲ. ಬಾವಡಿಯ ಬಾಗಿಲ ಕಲ್ಲಿನ ಮೇಲೆ ಮೊದಲು ಕಟ್ಟಿಸಿದವರ ಹಳಗನ್ನಡ ಬರಹ ಇತ್ತು, ಶಕ ವರ್ಷ ೧೦೧೨. ಕಸ್ತೂರಿಬಾಯಿ ಎರಡನ್ನೂ ಇಸವಿಗೆ ತಿರುಗಿಸಿದರು. ಕಟ್ಟಿದ್ದು ೧೦೯೦, ದುರಸ್ತಿ ೧೪೮೯. ಏನು ಆಗಿದ್ದರೂ ಈ ನಾಲ್ಕು ನೂರು ವರ್ಷದ ಒಳಗೆ ಆಗಿದೆ.

ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ನಾನು ಅವರ ಕಾಗದದ ಮೇಲಿನ ಆ ಎರಡು ಇಸವಿಗಳನ್ನೇ ನೋಡುತ್ತಿದ್ದೆ. ನನಗೆ ನಗಬೇಕು ಅನ್ನಿಸಲಿಲ್ಲ.

ಉಳಿದದ್ದು ನೀರು ತೆಗೆಯುವುದು. ಅದಕ್ಕೆ ಮಹಾರುದ್ರಪ್ಪ ಪಾಟೀಲರ ಒಪ್ಪಿಗೆ ಬೇಕಿತ್ತು. ಅವರು ನಮ್ಮನ್ನು ಊರ ಚಾವಡಿಗೆ ಕರೆದರು. ಹೋಗಿ ನೋಡಿದರೆ ಅರ್ಧ ಊರೇ ಕೂತಿತ್ತು.

"ಹನ್ನೆರಡು ವರ್ಷ ಅರ್ಜಿ ಕೊಟ್ಟು ಕೊಟ್ಟು ಕೆರಿ ಮಂಜೂರಾಗ್ಯದ," ಎಂದರು ಪಾಟೀಲರು. ಅವರದು ದೊಡ್ಡ ದನಿ. "ಈಗ ಭೂಮಿ ಮುರದದ ಅಂತ ನೀವು ಸುದ್ದಿ ಹಬ್ಬಿಸಿದ್ರ ಸರ್ಕಾರ ಕೆರಿನೇ ಬ್ಯಾಡ ಅಂತದ. ಕೆರಿ ತಪ್ಪಿಸಾಕ ಬಂದೀರೇನು ಬಾಯಾರ?"

ಹಿಂದೆ ಕೂತಿದ್ದ ಧೂಳಮ್ಮ ಎಂಬ ಕುರಿಗಾರ ಹೆಂಗಸು ಎದ್ದು ನಿಂತಳು. "ಬ್ಯಾಸಗ್ಯಾಗ ನನ್ನ ಕುರಿ ನೀರಿಗೆ ಮೂರು ಮೈಲಿ ನಡೀತಾವು. ನಿಮ್ಮ ಓದು ನಿಮಗಿರಲಿ ತಾಯಿ, ನಮಗ ನೀರು ಬೇಕು."

ಸುತ್ತಲಿನವರು ಹೌದು ಹೌದು ಎಂದರು. ಕಸ್ತೂರಿಬಾಯಿ ಗದ್ದಲ ನಿಲ್ಲುವತನಕ ಕಾದರು. ಆಮೇಲೆ ಎದ್ದು ನಿಂತರು.

"ನನಗೂ ಕೆರಿ ಬೇಕು," ಎಂದರು. "ನಾ ಹೇಳೂದು ಇಷ್ಟೇ. ಏರಿ ಒಡದ್ರ ನೀರು ಎಲ್ಲಿಗೆ ಹರೀತದ? ಈ ಊರಿಗೇ. ಒಡೀತದ ಅಂತ ನಾ ಹೇಳಂಗಿಲ್ಲ, ನನಗ ಗೊತ್ತಿಲ್ಲ. ಬಾವಡಿ ತಳದ ಬಂಡಿ ನೋಡಿದ್ರ ಗೊತ್ತಾಗ್ತದ. ಬಂಡಿ ಅಖಂಡ ಇತ್ತಂದ್ರ ಇದೇ ಚಾವಡಿಗೆ ಬಂದು, ಎಲ್ಲರ ಮುಂದ, ನಂದು ತಪ್ಪಾತು ಅಂತ ಹೇಳ್ತೀನಿ. ಮತ್ತ ಈ ಮಾತು ಎತ್ತಂಗಿಲ್ಲ."

"ಬಂಡಿ ಮುರದಿತ್ತಂದ್ರ?"

"ಏರಿ ಬ್ಯಾರೆ ಕಡಿ ಸರಸ್ರಿ ಅಂತ ಕೇಳಾಕ ನಿಮ್ಮನ್ನೂ ಕರಕೊಂಡು ಹೋಗ್ತೀನಿ."

ಪಾಟೀಲರು ಮೀಸೆ ತಿರುವಿದರು. ಬಾವಡಿಯ ಹೂಳು ಅವರ ಅಜ್ಜನ ಕಾಲದಿಂದ ತೆಗೆದಿರಲಿಲ್ಲ. "ಹೂಳು ಪೂರಾ ತಗದು ಕೊಡಬೇಕು. ಒಪ್ಪಿಗಿ ಇದ್ರ ನನ್ನ ಆಯಿಲ್ ಇಂಜಿನ್ ಕೊಡ್ತೀನಿ."

"ಒಪ್ಪಿಗಿ," ಎಂದರು ಕಸ್ತೂರಿಬಾಯಿ. ಎಷ್ಟು ಹೂಳಿದೆ ಎಂದು ಕೇಳಲೂ ಇಲ್ಲ.

ಶಾಲೆಗೆ ರಜೆ ಬಿದ್ದ ಮೇಲೆ, ಏಪ್ರಿಲ್ ಕೊನೆಯ ವಾರ ಶುರು ಮಾಡಿದೆವು. ಒಂದು ಕಡೆ ಇಂಜಿನ್, ಇನ್ನೊಂದು ಕಡೆ ಎತ್ತು ಹೂಡಿ ಎಳೆಯುವ ಚರ್ಮದ ಮೋಟ. ಎರಡು ದಿನದಲ್ಲಿ ನೀರು ಎಂಟು ಅಡಿ ಇಳಿಯಿತು. ಮೂರನೆಯ ದಿನ ಇಂಜಿನ್ ಕೆಮ್ಮಿ ಕೆಮ್ಮಿ ನಿಂತಿತು. ಯಾವುದೋ ಬಿಡಿಭಾಗಕ್ಕೆ ಹುಮನಾಬಾದಿಗೆ ಹೋಗಿ ಬರುವಷ್ಟರಲ್ಲಿ ಸೆಲೆ ಉಕ್ಕಿ ನಾಲ್ಕು ಅಡಿ ನೀರು ಮತ್ತೆ ಏರಿತ್ತು. ಮೋಟ ಹೊಡೆಯುವವರು ಎತ್ತು ಬಿಚ್ಚಿಕೊಂಡು ಹೊರಟರು.

"ಆಗೂದಿಲ್ಲ ಬಿಡ್ರಿ ಬಾಯಾರ," ಎಂದೆ ನಾನು. "ಮುಂದಿನ ವರ್ಷ ನೋಡೋಣ."

"ಮುಂದಿನ ವರ್ಷ ನಿಮ್ಮ ಏರಿ ಎದ್ದಿರತದ," ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರು ಮೆಟ್ಟಿಲಿಳಿದರು. ಒಂದು ಬಕೀಟಿನಲ್ಲಿ ನೀರು ತುಂಬಿ ಮೇಲೆ ಹೊತ್ತು ತಂದು ಹೊಲಕ್ಕೆ ಚೆಲ್ಲಿದರು. ಮತ್ತೆ ಇಳಿದರು. ಒಂದು ಬಕೀಟಿನಿಂದ ಬಾವಡಿ ಬತ್ತುತ್ತದೆಯೇ? ಇಲ್ಲ. ಅವರಿಗೂ ಅದು ಗೊತ್ತಿತ್ತು. ಆದರೆ ಇಪ್ಪತ್ತನೆಯ ಬಕೀಟಿಗೋ ಏನೋ ಇಸ್ಮಾಯಿಲ ಎದ್ದು ಅವರ ಹಿಂದೆ ಹೋದ. ಆಮೇಲೆ ನಾನು. ಸಂಜೆ ಕುರಿ ಹೊಡೆದುಕೊಂಡು ಬಂದ ಧೂಳಮ್ಮ ದಂಡೆಯ ಮೇಲೆ ನಿಂತು ನೋಡಿದಳು. "ಹುಚ್ಚು ಹಿಡದದ ಇವರಿಗೆ," ಎಂದು ಹೊರಟುಹೋದಳು. ಮರುದಿನ ಬೆಳಗ್ಗೆ ಹದಿನೈದು ಹೆಂಗಸರನ್ನೂ ಬುಟ್ಟಿಗಳನ್ನೂ ಕಟ್ಟಿಕೊಂಡು ಬಂದಳು. ಅವರನ್ನು ಕಂಡು ಮೋಟದವರೂ ತಿರುಗಿ ಬಂದು ಎತ್ತು ಹೂಡಿದರು. ಮಧ್ಯಾಹ್ನ ಇಂಜಿನ್ನೂ ಉಸಿರಾಡಿತು.

ಏಳನೆಯ ದಿನ ನೀರು ಮುಗಿದು ಹೂಳು ಸಿಕ್ಕಿತು. ಕರಿ ಕೆಸರು, ಮುರಿದ ಗಡಿಗೆ, ಹರಕು ಹಗ್ಗ. ಹೆಂಗಸರು ಸಾಲಾಗಿ ಮೆಟ್ಟಿಲ ಮೇಲೆ ನಿಂತು ಬುಟ್ಟಿ ಕೈಯಿಂದ ಕೈಗೆ ಏರಿಸಿದರು. ಒಂಬತ್ತನೆಯ ದಿನ ಇಸ್ಮಾಯಿಲನ ಸನಿಕೆ ಠಣ್ ಎಂದಿತು.

ಕಟ್ಟಿದ ಗೋಡೆ ತಳದಿಂದ ಹತ್ತಡಿ ಮೇಲೇ ಮುಗಿದಿತ್ತು, ಅಲ್ಲಿಂದ ಕೆಳಗೆ ಬಂಡೆಯನ್ನೇ ಕಡಿದು ಬಾವಿ ಮಾಡಿದ್ದರು. ಹಿಂದಿನವರು ಇಳಿದು ನಿಲ್ಲುವುದಕ್ಕೆಂದು ಬಂಡೆಯಲ್ಲಿ ಸುತ್ತಲೂ ಒಂದೇ ಮಟ್ಟಕ್ಕೆ ಗೇಣಗಲದ ಕಟ್ಟೆ ಕೆತ್ತಿದ್ದರು. ಉಳಿಯ ಗುರುತು ಇನ್ನೂ ಹೊಸದರಂತೆ ಇತ್ತು. ಕಸ್ತೂರಿಬಾಯಿ ಅಂಗೈಯಿಂದ ಕೆಸರು ಒರೆಸುತ್ತ ಪಡುವಣ ಬದಿಗೆ ಸರಿದರು. ಕಟ್ಟೆ ನೆಟ್ಟಗೆ ಬಂದು ಒಂದು ಕಡೆ ತುಂಡಾಗಿತ್ತು. ಆಚೆಯ ತುಂಡು ಕೆಳಗೆ. ನಡುವಿನ ಬಿರುಕಿನಲ್ಲಿ ಹಿಟ್ಟಿನಂತೆ ಅರೆದ ಹಳದಿ ಮಣ್ಣು.

ನಾನು ಲೆವೆಲ್ ಯಂತ್ರ ಇಡಿಸಿ ಅಳೆದೆ. ಮೇಲೆ ಗೋಡೆಯಲ್ಲಿ ಎಷ್ಟು ಇಳಿದಿತ್ತೋ ಕೆಳಗೆ ಬಂಡೆಯಲ್ಲೂ ಅಷ್ಟೇ. ಮೂಡಣ ಬದಿಯಲ್ಲೂ ಅಷ್ಟೇ. ಮೂರು ಸಲ ಅಳೆದೆ, ತಪ್ಪು ಸಿಗಲಿ ಎಂದು. ಸಿಗಲಿಲ್ಲ. ಎರೆ ಮಣ್ಣು ಬಂಡೆಯನ್ನು ಇಳಿಸಲಾರದು. ಭೂಮಿಯೇ ಸರಿದಿತ್ತು.

ಪಾಟೀಲರು ಮೇಲಿನಿಂದ ಕೂಗಿದರು, "ಏನಾತು?"

"ನೀವೇ ಬಂದು ನೋಡ್ರಿ," ಎಂದರು ಕಸ್ತೂರಿಬಾಯಿ.

ಅರವತ್ತು ದಾಟಿದ ಮನುಷ್ಯ ಧೋತರ ಎತ್ತಿ ಕಟ್ಟಿ ಒಂದೊಂದೇ ಮೆಟ್ಟಿಲಿಳಿದು ಬಂದರು. ಮುರಿದ ಕಟ್ಟೆಯ ಮೇಲೆ ತಮ್ಮ ನಾಲ್ಕು ಬೆರಳು ಒತ್ತಿ ಇಟ್ಟರು. ಸರಿಯಾಗಿ ಕೂತವು. ಬೆರಳು ತೆಗೆಯಲು ಬಹಳ ಹೊತ್ತು ಹಿಡಿಯಿತು.

ವರದಿ ಬರೆಯುವಾಗ ನಮ್ಮಿಬ್ಬರಿಗೆ ಜಗಳವಾಯಿತು. ಅದೇ ಗೆರೆಯ ಮೇಲೆ ಹಳ್ಳದಾಚೆ ಒಂದು ಪಾಳುಗುಡಿ ಇತ್ತು. ಅದರ ಗೋಡೆಯೂ ಸೀಳಿತ್ತು. ಅದನ್ನೂ ಸೇರಿಸಿದರೆ ನಮ್ಮ ಮಾತಿಗೆ ತೂಕ ಬರುತ್ತದೆ ಎಂದೆ. ಆದರೆ ಬುಡ ಅಗೆದು ನೋಡಿದಾಗ ಆ ಗೋಡೆ ಬರೀ ಎರೆ ಮಣ್ಣಿನ ಮೇಲೆ ನಿಂತಿತ್ತು. ಕಸ್ತೂರಿಬಾಯಿ ಆ ಪುಟದ ಮೇಲೆ ಅಡ್ಡಗೆರೆ ಹೊಡೆದರು. "ಒಂದು ಸುಳ್ಳು ಸೇರಿಸಿದ್ರ ಖರೇದನ್ನೂ ಯಾರೂ ನಂಬಂಗಿಲ್ಲ. ಬಾವಡಿ ಒಂದೇ ಸಾಕು."

ಸಾಹೇಬರು ವರದಿಯನ್ನು ಓದದೆ ಪಕ್ಕಕ್ಕಿಟ್ಟರು. "ಇದಕ್ಕ ನಿನ್ನ ಸಹಿ ಯಾಕ ಅದ ವೈಜನಾಥ? ವರ್ಗಾ ಬೇಕಾಗ್ಯದೇನು?"

"ಅಳತಿ ನಾ ಮಾಡೀನ್ರಿ. ಅದಕ್ಕ ಸಹಿ ಅದ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಕಸ್ತೂರಿಬಾಯಿ ಹೈದರಾಬಾದಿಗೆ ಬಸ್ಸು ಹತ್ತಿದರು. ಪ್ರೊಫೆಸರರು ಊರಲ್ಲಿರಲಿಲ್ಲ. ಮೂರು ದಿನ ಸಂಬಂಧಿಕರ ಮನೆಯಲ್ಲಿದ್ದು, ದಿನಾ ಹೋಗಿ ಅವರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತರಂತೆ. ನಾಲ್ಕನೆಯ ದಿನ ಪ್ರೊಫೆಸರರು ಬಂದು ಚಿತ್ರ ನೋಡಿದರು. ಜೂನ್ ಮೊದಲ ವಾರ, ಮಳೆ ಬೀಳುವ ಮುಂಚೆ, ಒಂದು ಸುತ್ತಿಗೆ, ಒಂದು ಚೀಲ ಹಿಡಿದುಕೊಂಡು ಘಾಟಬೋರಾಳಕ್ಕೆ ಬಂದು, ಇಂಜಿನ್ ಹಚ್ಚಿ ಮತ್ತೆ ನೀರು ತೆಗೆಸಿದ್ದ ಬಾವಡಿಗೆ ಇಳಿದರು. ಹಳ್ಳದ ದಡದಲ್ಲಿ ಗುಂಡಿ ತೋಡಿಸಿದರು. ಅಲ್ಲೂ ಅದೇ ಅರೆದ ಹಳದಿ ಮಣ್ಣು, ನನ್ನ ತೂಬಿನ ಗುರುತಿನಿಂದ ಆರು ಅಡಿ ದೂರ.

ಈ ಸಲ ನಮ್ಮ ಸಾಹೇಬರೂ ಬಂದಿದ್ದರು. ಪ್ರೊಫೆಸರರು ಅವರಿಗೆ ತಿಳಿಯುವ ಹಾಗೆ ಹೇಳಿದರು: ಬಾವಡಿ ಕಟ್ಟಿದ ಮೇಲೆ ಈ ಭೂಮಿ ಒಮ್ಮೆ ಸರಿದಿದೆ. ಮತ್ತೆ ಯಾವಾಗ ಎಂದು ಯಾರೂ ಹೇಳಲಾರರು. ಸಾವಿರ ವರ್ಷಕ್ಕೋ, ಎಂದೂ ಇಲ್ಲವೋ. ಆದರೆ ನಾನೂರು ಅಡಿ ಮೇಲೆ ಗಟ್ಟಿ ಬಂಡೆ ಇರುವಾಗ ಏರಿಯನ್ನು ತಂದು ಬಿರುಕಿನ ಮೇಲೆ ಏಕೆ ನಿಲ್ಲಿಸಬೇಕು?

ಸಾಹೇಬರು ನಕ್ಷೆಯ ಮೇಲೆ ಸ್ಕೇಲು ಇಟ್ಟು ಅಳೆದರು. "ನಾನೂರು ಅಡಿ ಮ್ಯಾಲ ಸರಸಿದ್ರ," ಎಂದು ನಿಧಾನವಾಗಿ ಹೇಳಿದರು, "ಏರಿ ಬುಡ ಪಾಟೀಲರ ಹೊಲದ ಮ್ಯಾಲ ಬರತದ. ಮೂರು ಎಕರೆ ಹೋಗತದ. ಅವರು ಬಿಡಂಗಿಲ್ಲ."

ಇದನ್ನು ನಾವು ಯಾರೂ ಯೋಚಿಸಿರಲಿಲ್ಲ. ಆ ಮೂರು ಎಕರೆ ಪಾಟೀಲರ ಹೊಲದಲ್ಲೇ ಒಳ್ಳೆಯ ನೆಲ. ಅಲ್ಲೇ ನಿಂತು ಕೇಳಿದ ಪಾಟೀಲರು ಧೋತರ ಕೊಡವಿ ಮನೆಗೆ ಹೋದರು. ಮರುದಿನವೂ ಬರಲಿಲ್ಲ. ಅವರ ಮಕ್ಕಳು ಕೂಗಾಡಿದ ಸುದ್ದಿ ಮಾತ್ರ ಬಂತು. ಕಸ್ತೂರಿಬಾಯಿ ಹೋಗಿ ಕೈಮುಗಿದು ಕೇಳುತ್ತೇನೆಂದು ಹೊರಟಾಗ ಇಸ್ಮಾಯಿಲ ತಡೆದ. "ಬ್ಯಾಡ್ರಿ ಬಾಯಾರ. ಅವರು ಬೆರಳು ಇಟ್ಟು ನೋಡ್ಯಾರ. ನೀವು ಹೋಗಿ ಹೇಳೂದು ಏನೂ ಉಳದಿಲ್ಲ."

ಮೂರನೆಯ ದಿನ ಪಾಟೀಲರೇ ಹುಮನಾಬಾದಿಗೆ ಬಂದು ಸಾಹೇಬರ ಎದುರು ಕೂತರು.

"ಹೊಲ ಬರಕೊಡ್ತೀನಿ. ಏರಿ ಸರಸ್ರಿ," ಎಂದರು. "ಕಾಗದದಾಗ ಓದಿದ್ರ ನಾ ನಂಬತಿದ್ದಿಲ್ಲ. ಕೈಲೆ ಮುಟ್ಟೀನಿ. ಈಗ ಗೊತ್ತಿಲ್ಲ ಅಂತ ಅನ್ನಾಕ ನನಗ ಆಗೂದಿಲ್ಲ."

ಹೊಸ ನಕ್ಷೆ ಮಂಜೂರಾಗಲು ಒಂದೂವರೆ ವರ್ಷ ಹಿಡಿಯಿತು. ಆ ಒಂದೂವರೆ ವರ್ಷ ಘಾಟಬೋರಾಳದ ದಾರಿಯಲ್ಲಿ ಕಸ್ತೂರಿಬಾಯಿಯನ್ನು ಕಂಡರೆ ಕೆಲವರು ಮುಖ ತಿರುಗಿಸುತ್ತಿದ್ದರು. ಅವರು ತಿಂಗಳಿಗೆ ಎರಡು ಸಲ ಕಚೇರಿಗೆ ಬಂದು, ಕಡತ ಯಾವ ಟೇಬಲ್ ಮೇಲಿದೆ ಎಂದು ಕೇಳಿ, ಆ ಟೇಬಲ್ ಮುಂದೆ ಕೂರುತ್ತಿದ್ದರು. ಸಾಹೇಬರು ಹೇಳಿದ ಹಾಗೆಯೇ ನನಗೆ ವರ್ಗವಾಯಿತು, ರಾಯಚೂರಿನ ಕಡೆಗೆ. ಏರಿ ಎದ್ದದ್ದನ್ನು ನಾನು ನೋಡಲಿಲ್ಲ. ೧೯೭೪ರ ಮಳೆಗಾಲದಲ್ಲಿ ಕೆರೆ ತುಂಬಿತೆಂದು ಇಸ್ಮಾಯಿಲ ಒಂದು ಕಾರ್ಡು ಬರೆಸಿ ಹಾಕಿದ್ದ. ಧೂಳಮ್ಮ ಮೊದಲ ದಿನವೇ ಕುರಿ ಇಳಿಸಿದಳು ಎಂದೂ ಇತ್ತು.

ನಾನು ಮತ್ತೆ ಹುಮನಾಬಾದಿಗೆ ಬಂದದ್ದು ೧೯೮೨ರಲ್ಲಿ. ಮೊದಲ ಭಾನುವಾರವೇ ಮಾಣಿಕನಗರಕ್ಕೆ ಹೋದೆ. ಕಸ್ತೂರಿಬಾಯಿ ಕಾಲಿಗೆ ಚಪ್ಪಲಿ ಹಾಕಿಕೊಂಡು ಹೊರಡುವುದರಲ್ಲಿದ್ದರು. ಕೂದಲು ಹಣ್ಣಾಗಿತ್ತು. ಇಷ್ಟು ವರ್ಷ ಭಾನುವಾರಗಳಲ್ಲಿ ಏನು ಮಾಡಿದರೆಂದು ಕೇಳಿದೆ. ಒಂದು ದಪ್ಪ ನೋಟುಬುಕ್ಕು ಕೈಗೆ ಕೊಟ್ಟರು. ಹುಮನಾಬಾದಿನಿಂದ ಬಸವಕಲ್ಯಾಣದ ತನಕ ನಲವತ್ತೊಂದು ಹಳೆಯ ಬಾವಿ, ಗುಡಿ, ಕೋಟೆಗೋಡೆ. ಪ್ರತಿಯೊಂದಕ್ಕೂ ಅಳತೆ, ಚಿತ್ರ. ಮೂವತ್ತೊಂಬತ್ತರ ಕೆಳಗೆ "ಏನೂ ಇಲ್ಲ" ಎಂದು ಬರೆದಿತ್ತು. ಒಂದರ ಕೆಳಗೆ "ಅನುಮಾನ". ಇನ್ನೊಂದು ನಮ್ಮ ಬಾವಡಿ.

"ಮೂವತ್ತೊಂಬತ್ತು ಕಡಿ ಏನೂ ಸಿಗಲಿಲ್ಲ. ಬ್ಯಾಸರ ಆಗಲಿಲ್ಲೇನ್ರಿ?"

"ಏನೂ ಇಲ್ಲ ಅನ್ನೂದೂ ಯಾರೋ ಒಬ್ಬರು ನೋಡಿನೇ ಹೇಳಬೇಕಲ್ಲ," ಎಂದರು. ಬಾಗಿಲಿಗೆ ಬೀಗ ಹಾಕಿ ಚೀಲ ಹೆಗಲಿಗೇರಿಸಿದರು. "ಇವತ್ತು ಕಲ್ಯಾಣದ ದಾರ್ಯಾಗ ಒಂದು ಮುಚ್ಚಿದ ಬಾವಿ ಅದ ಅಂತ ಸುದ್ದಿ ಬಂದದ. ಬರ್ತೀರೇನು? ಹತ್ತು ಗಂಟಿ ಬಸ್ಸು ತಪ್ಪಿದ್ರ ಮತ್ತ ಮಧ್ಯಾಹ್ನದ ತನಕ ಇಲ್ಲ."

ನಾವು ಬಸ್ ಸ್ಟ್ಯಾಂಡಿನ ಕಡೆ ಬಿರುಸಾಗಿ ನಡೆದೆವು.